ಗಂಜಿಯಿಂದ ಚಮಚ ಕಲಿಸಬೇಡಿ

ಪ್ರಶ್ನೆ: ನಾವು ಉಡುಪಿಯ ಸಂತೆಕಟ್ಟೆಯವರು. ಮಗನಿಗೆ ಒಂದು ವರ್ಷ ಮೂರು ತಿಂಗಳು. ತಾನೇ ಉಣ್ಣಬೇಕೆಂದು ಹಟ ಹಿಡಿದು ನನ್ನ ಕೈಯಿಂದ ಚಮಚ ಕಿತ್ತುಕೊಳ್ಳುತ್ತಾನೆ. ಗಂಜಿ ಬಾಯಿಗೆ ತಲುಪುವ ಮೊದಲೇ ಎದೆಯ ಮೇಲೆ ಚೆಲ್ಲುತ್ತದೆ. ಎರಡು ಸಲ ಹೀಗಾದರೆ ಚಮಚವನ್ನೇ ಎಸೆಯುತ್ತಾನೆ. ಆನ್‌ಲೈನಿನಲ್ಲಿ ಸಿಲಿಕೋನ್ ಸೆಟ್ ತರಿಸಿದೆ: ಎರಡು ನೇರ ಚಮಚ, ಒಂದು ಬಾಗಿದ ಚಮಚ, ಒಂದು ಫೋರ್ಕ್. ಪ್ರಯೋಜನವಾಗಲಿಲ್ಲ. ಸ್ಟೀಲಿನದು ತೆಗೆದುಕೊಳ್ಳಬೇಕೇ? ನಾಮಕರಣಕ್ಕೆ ತವರಿನಿಂದ ಬಂದ ಬೆಳ್ಳಿ ಚಮಚ ಬಳಸಬಹುದೇ? ಫೋರ್ಕ್ ಯಾವಾಗ ಕೊಡಬೇಕು? ಅತ್ತೆಯವರು, "ನಮ್ಮ ಮನೆಯಲ್ಲಿ ಯಾರೂ ಚಮಚದಲ್ಲಿ ಉಂಡವರಲ್ಲ, ಇವನಿಗೇಕೆ" ಎನ್ನುತ್ತಾರೆ. ಬರುವ ಜೂನಿಗೆ ಪ್ಲೇಸ್ಕೂಲಿಗೆ ಸೇರಿಸಬೇಕು. ಅಲ್ಲಿ ಮಕ್ಕಳು ತಾವೇ ಚಮಚದಲ್ಲಿ ತಿನ್ನಬೇಕಂತೆ.

ಉತ್ತರ: ಚಮಚದ ಬಗ್ಗೆ ಕೇಳಿದ್ದೀರಿ, ನಾನು ಮೊದಲು ಗಂಜಿಯ ಬಗ್ಗೆ ಹೇಳುತ್ತೇನೆ. ನೀವು ಬರೆದಷ್ಟನ್ನು ನೋಡಿದರೆ ನಿಮ್ಮ ಮಗನ ಕೈಯಲ್ಲಿ ತೊಂದರೆ ಕಾಣುವುದಿಲ್ಲ, ತರಿಸಿದ ಚಮಚದಲ್ಲಿಯೂ ದೊಡ್ಡ ದೋಷವಿಲ್ಲ. ಕುಚ್ಚಲಕ್ಕಿ ಗಂಜಿಯ ಮೇಲೆ ನನಗೆ ದ್ವೇಷವೇನಿಲ್ಲ. ಜ್ವರ ಬಂದರೆ ನನಗೂ ಅದೇ ಬೇಕು, ಪಕ್ಕದಲ್ಲಿ ಒಂದು ಮಾವಿನ ಮಿಡಿ ಉಪ್ಪಿನಕಾಯಿ. ಆದರೆ ಚಮಚ ಹಿಡಿಯಲು ಕಲಿಯುತ್ತಿರುವ ಮಗುವಿಗೆ ಅದರಷ್ಟು ಕಷ್ಟದ ಪಾಠ ಇನ್ನೊಂದಿಲ್ಲ. ತಿಳಿ ಒಂದು ಕಡೆ ಓಡುತ್ತದೆ, ಅಗುಳು ಇನ್ನೊಂದು ಕಡೆ ಜಾರುತ್ತದೆ. ಈಜು ಕಲಿಸಲು ಯಾರಾದರೂ ಮಗುವನ್ನು ಮೊದಲ ದಿನವೇ ಮಲ್ಪೆಯ ಅಲೆಗೆ ಇಳಿಸುತ್ತಾರೆಯೇ?

ನೀವೇ ಒಮ್ಮೆ ಪರೀಕ್ಷಿಸಿ ನೋಡಿ. ಚಮಚದ ಹಿಡಿಯನ್ನು ಅಂಗೈ ಕೆಳಮುಖವಾಗಿರುವಂತೆ ಮುಷ್ಟಿಯಲ್ಲಿ ಹಿಡಿಯಿರಿ. ಮಣಿಕಟ್ಟನ್ನು ತಿರುಗಿಸದೆ ಗಂಜಿಯನ್ನು ಬಾಯಿಗೆ ತನ್ನಿ. ಮೊಣಕೈಯನ್ನು ಹೆಗಲಿನ ಮಟ್ಟಕ್ಕೆ ಎತ್ತದೆ ಆಗುವುದಿಲ್ಲ. ಎತ್ತಿದರೂ ಕೊನೆಯ ಕ್ಷಣದಲ್ಲಿ ಚಮಚ ಮಗುಚುತ್ತದೆ. ಹದಿನೈದು ತಿಂಗಳ ಮಗು ದಿನವೂ ಮಾಡುತ್ತಿರುವ ಸರ್ಕಸ್ ಇದು. ಮುಂಗೈಯನ್ನು ತಿರುಗಿಸಿ ಅಂಗೈಯನ್ನು ಮೇಲ್ಮುಖ ಮಾಡುವ ಚಲನೆ ಚಮಚ ಹಿಡಿದ ಕೈಗೆ ಎರಡನೆಯ ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿಯೇ ಒದಗುತ್ತದೆ. ಸಾಮಾನ್ಯವಾಗಿ ಹದಿನೆಂಟು ತಿಂಗಳ ಹೊತ್ತಿಗೆ ಮಗು ಚಮಚದಲ್ಲಿ ತಿನ್ನಲು ಪ್ರಯತ್ನಿಸುತ್ತಿರುತ್ತದೆ, ಚೆಲ್ಲುತ್ತಲೂ ಇರುತ್ತದೆ. ಎರಡು ವರ್ಷದ ಸುಮಾರಿಗೆ ಚೆಲ್ಲುವುದಕ್ಕಿಂತ ತಿನ್ನುವುದು ಹೆಚ್ಚಾಗುತ್ತದೆ. ನಾವು ದೊಡ್ಡವರು ಹಿಡಿಯುವ ಹಾಗೆ ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಹಿಡಿಯುವುದು ಮೂರು ವರ್ಷ ದಾಟಿದ ಮೇಲೆ. ಆಕ್ಯುಪೇಷನಲ್ ಥೆರಪಿಸ್ಟ್ ಆಗಿ (ಉಣ್ಣುವುದು, ಉಡುವುದರಂಥ ದಿನದ ಕೆಲಸಗಳಿಗೆ ಕೈ ಪಳಗಿಸುವವರು ನಾವು; ನಮ್ಮನ್ನು ಊರಿನಲ್ಲಿ ಅರ್ಧ ಜನ ಫಿಸಿಯೋಥೆರಪಿಯವರು ಎಂದೇ ಕರೆಯುತ್ತಾರೆ, ತಿದ್ದಿ ತಿದ್ದಿ ಬಿಟ್ಟುಬಿಟ್ಟಿದ್ದೇನೆ) ನಾನು ಕಂಡಂತೆ, ತಾಯಂದಿರು ಚಮಚ ಬದಲಿಸುತ್ತಾ ಹೋಗುತ್ತಾರೆ, ಬಟ್ಟಲಲ್ಲಿರುವುದನ್ನು ಬದಲಿಸುವುದಿಲ್ಲ.

ಹಾಗಾದರೆ ಬಟ್ಟಲಲ್ಲಿ ಏನಿರಬೇಕು? ಚಮಚ ತಲೆಕೆಳಗಾದರೂ ಅಂಟಿಕೊಂಡೇ ಇರುವಂಥದ್ದು. ನಮ್ಮ ಕಡೆ ಅದಕ್ಕೆ ಬರವಿಲ್ಲ. ತೆಂಗಿನ ಹಾಲು, ಬೆಲ್ಲ ಹಾಕಿ ಕಾಯಿಸಿದ ರಾಗಿ ಮಣ್ಣಿ ಗಟ್ಟಿಯಾಗುವ ಮೊದಲು ಚಮಚಕ್ಕೆ ಗೋಂದಿನ ಹಾಗೆ ಹಿಡಿಯುತ್ತದೆ. ಕೈಯಲ್ಲಿ ಚೆನ್ನಾಗಿ ನುರಿದ ಗಟ್ಟಿ ಮೊಸರನ್ನ, ತೊವ್ವೆ ಹಾಕಿ ಮೆತ್ತಗೆ ಕಲಸಿದ ಅನ್ನ, ಬಾಳೆಹಣ್ಣಿನೊಂದಿಗೆ ಕಿವುಚಿದ ನೆನೆಸಿದ ಅವಲಕ್ಕಿ, ಬೇಯಿಸಿ ನುರಿದ ಗೆಣಸು ಅಥವಾ ಸಿಹಿಕುಂಬಳ, ಇವೆಲ್ಲ ಒಳ್ಳೆಯವು. ಕುಚ್ಚಲಕ್ಕಿ ಅನ್ನವೇ ಬೇಕೆಂದರೆ ಒಂದು ಮಾತು: ಅದರ ಅಗುಳು ಬಿಡಿಬಿಡಿಯಾಗಿರುತ್ತದೆ, ಬೆಳ್ತಿಗೆ ಅನ್ನದ ಹಾಗೆ ಮುದ್ದೆಗಟ್ಟುವುದಿಲ್ಲ. ಒಂದಿಷ್ಟು ತಿಳಿ ಉಳಿಸಿಕೊಂಡು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ, ಇಲ್ಲವೇ ಸೌಟಿನ ಬೆನ್ನಿನಿಂದ ಅರೆಯಿರಿ. ಪೂರ್ತಿ ನುಣ್ಣಗೆ ಮಾಡಬೇಡಿ. ಹದಿನೈದು ತಿಂಗಳ ಮಗುವಿಗೆ ಅಗಿಯುವ ಕೆಲಸವೂ ಬೇಕು. ಗಂಜಿಯನ್ನು ಬಿಡಬೇಕಾಗಿಯೂ ಇಲ್ಲ. ಅದನ್ನು ಸದ್ಯಕ್ಕೆ ನೀವು ಉಣಿಸಿ, ಅಥವಾ ತಿಳಿಯನ್ನು ಪುಟ್ಟ ಲೋಟದಲ್ಲಿ ಕೊಡಿ.

ಈಗ ಚಮಚ. ನಮ್ಮ ಹಿರಿಯರು ಗಂಜಿ ಉಣ್ಣಲು ಹಲಸಿನ ಎಲೆಯನ್ನು ಮಡಚಿ ಕಡ್ಡಿ ಚುಚ್ಚಿ ಮಾಡುತ್ತಿದ್ದ ಚಮಚವನ್ನು ನಿಮ್ಮ ಅತ್ತೆಯವರು ಖಂಡಿತ ಕಂಡಿರುತ್ತಾರೆ. (ಯಾರೂ ಚಮಚದಲ್ಲಿ ಉಂಡವರಲ್ಲ ಎಂಬ ಮಾತಿಗೆ ಅಲ್ಲೇ ಒಂದು ತಿದ್ದುಪಡಿ ಸಿಕ್ಕಿತು.) ಅದರಲ್ಲೊಂದು ಜಾಣತನವಿದೆ. ಅದಕ್ಕೆ ಹಿಡಿಯೇ ಇಲ್ಲ. ಬೆರಳು ಗುಳಿಯ ಅಂಚಿನಲ್ಲೇ ಇರುತ್ತದೆ. ಕೈಗೂ ಆಹಾರಕ್ಕೂ ನಡುವೆ ಅಂತರ ಕಡಿಮೆಯಾದಷ್ಟು ಹಿಡಿತ ಹೆಚ್ಚು. ಕಡ್ಡಿ ಚುಚ್ಚಿದ ಎಲೆಯನ್ನು ಮಗುವಿನ ಕೈಗೆ ಕೊಡಿ ಎನ್ನುತ್ತಿಲ್ಲ, ಆ ಲೆಕ್ಕವನ್ನು ಮಾತ್ರ ತೆಗೆದುಕೊಳ್ಳಿ. ಮಗುವಿನ ಮುಷ್ಟಿ ಹಿಡಿದ ಮೇಲೆ ಹಿಂದಕ್ಕೆ ಒಂದೆರಡು ಬೆರಳಗಲ ಹಿಡಿ ಮಿಕ್ಕರೆ ಸಾಕು. ಅದಕ್ಕಿಂತ ಉದ್ದವಾದರೆ ಹಿಡಿಯ ತುದಿ ಎದೆಗೆ ತಗಲುತ್ತದೆ, ಇಲ್ಲವೇ ಬಟ್ಟಲಿನ ಅಂಚಿಗೆ ಸಿಕ್ಕಿ ಅಡುಗೆಯನ್ನೆಲ್ಲ ಚಿಮ್ಮಿಸುತ್ತದೆ. ಗಡ್‌ಬಡ್ ಐಸ್‌ಕ್ರೀಮಿನ ಉದ್ದ ಲೋಟಕ್ಕೆ ಕೊಡುವ ಸಪೂರ ಚಮಚವನ್ನು ನೆನಪಿಸಿಕೊಳ್ಳಿ. ಮಕ್ಕಳಿಗೆ ಬೇಡವಾದದ್ದೆಲ್ಲ ಅದರಲ್ಲಿ ಒಟ್ಟಾಗಿದೆ.

ಹಿಡಿ ಗಿಡ್ಡವಿರಬೇಕು, ದಪ್ಪವೂ ಇರಬೇಕು. ದೊಡ್ಡವರ ಹೆಬ್ಬೆರಳಿನಷ್ಟು ದಪ್ಪ, ಪೂರ್ತಿ ಗುಂಡಗಿರದೆ ತುಸು ಚಪ್ಪಟೆ. ಗುಂಡಗಿದ್ದರೆ ಒದ್ದೆ ಕೈಯಲ್ಲಿ ಉರುಳುತ್ತದೆ. ಗುಳಿಯ ಅಗಲ ಮಗುವಿನ ಬಾಯಿಗಿಂತ ಕಡಿಮೆ ಇರಬೇಕು. ಆಳದ ವಿಷಯದಲ್ಲಿ ಅಂಗಡಿಯವರು ಹೇಳದ ಒಂದು ಸೂಕ್ಷ್ಮವಿದೆ. ನೀವು ಉಣಿಸುವ ಚಮಚ ಚಪ್ಪಟೆಯಾಗಿದ್ದಷ್ಟು ಒಳ್ಳೆಯದು, ಮೇಲ್ತುಟಿ ಅದನ್ನು ಸುಲಭವಾಗಿ ಸವರಿಕೊಳ್ಳುತ್ತದೆ. ಮಗು ತಾನೇ ತುಂಬಿಕೊಳ್ಳುವ ಚಮಚಕ್ಕೆ ಮಾತ್ರ ತುಸು ಗುಳಿ ಬೇಕು, ಇಲ್ಲದಿದ್ದರೆ ದಾರಿಯಲ್ಲೇ ಎಲ್ಲ ಖಾಲಿ. ನಿಮ್ಮ ಸೆಟ್ಟಿನ ನೇರ ಚಮಚಗಳು ಎಲೆಯಂತೆ ಚಪ್ಪಟೆಯಾಗಿದ್ದರೆ ಅವು ಆರು ತಿಂಗಳ ಕೂಸಿಗೆ ಮಾಡಿದವು. ಅವನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ.

ಹೊಸದನ್ನು ಕೊಳ್ಳಲು ರಥಬೀದಿಯ ಸುತ್ತಿನ ಪಾತ್ರೆ ಅಂಗಡಿಗೇ ಹೋಗಿ, ಮಗನನ್ನು ಎತ್ತಿಕೊಂಡು ಹೋಗಿ. ಮೂರು ನಾಲ್ಕು ಚಮಚವನ್ನು ಅವನ ಮುಂದೆ ಇಟ್ಟರೆ ಯಾವುದು ಕೈಗೆ ಕೂರುತ್ತದೆ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಏನೂ ಕೊಳ್ಳದೆಯೂ ಆರಂಭಿಸಬಹುದು: ಮನೆಯ ಟೀ ಚಮಚಗಳಲ್ಲಿ ಗಿಡ್ಡದೊಂದನ್ನು ಆರಿಸಿ, ಹಿಡಿಗೆ ಹಳೆಯ ಹತ್ತಿ ಪಂಚೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿ. ದಪ್ಪವೂ ಆಯಿತು, ಜಾರುವುದೂ ನಿಂತಿತು. ಪಟ್ಟಿಯನ್ನು ಪ್ರತಿ ಸಲವೂ ಬಿಚ್ಚಿ ಒಗೆಯಬೇಕು, ಅಷ್ಟೇ. ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಮೊದಲು ಮಾಡಿಸುವುದು ಇದನ್ನೇ.

ಸ್ಟೀಲೋ ಸಿಲಿಕೋನೋ ಎಂದು ಕೇಳಿದರೆ, ನಿಮ್ಮ ಮಗನ ವಯಸ್ಸಿಗೆ ನನ್ನ ಒಲವು ಸ್ಟೀಲಿನ ಗುಳಿ, ಸಿಲಿಕೋನ್ ಅಥವಾ ಪ್ಲಾಸ್ಟಿಕ್ ಹೊದಿಸಿದ ಹಿಡಿಯ ಕಡೆಗೆ. ಪೂರ್ತಿ ಸಿಲಿಕೋನಿನದು ಒಸಡಿಗೆ ಮೃದು ನಿಜ, ಆದರೆ ದವಡೆ ಹಲ್ಲು ಮೊಳೆಯುವ ಕಾಲ ಇದು; ಕಚ್ಚಿ ಕಚ್ಚಿ ಚೂರು ಕೀಳುತ್ತಾರೆ. ಬಿರುಕು ಕಂಡ ದಿನವೇ ಅದನ್ನು ಎಸೆಯಬೇಕು. ಇನ್ನೊಂದು ಕಾರಣ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ: ಸಿಲಿಕೋನ್ ವಾಸನೆಯನ್ನು ಹೀರಿಕೊಳ್ಳುತ್ತದೆ. ನಿನ್ನೆಯ ಮೀನಿನ ಗಸಿ, ಮೊನ್ನೆಯ ಪಾತ್ರೆ ಸೋಪು ಎರಡೂ ಇಂದಿನ ಮಣ್ಣಿಯಲ್ಲಿ ಬರುತ್ತವೆ. ಮಗು ಮುಖ ಸಿಂಡರಿಸಿದರೆ ಚಮಚವನ್ನು ಒಮ್ಮೆ ಮೂಸಿ ನೋಡಿ. ಜೊತೆಗೆ ಮೆತ್ತಗಿನ ಚಮಚ ಗಟ್ಟಿ ಅನ್ನವನ್ನು ಬಗೆಯುವಾಗ ಬಾಗುತ್ತದೆ. ಎಷ್ಟು ಒತ್ತಿದರೆ ಎಷ್ಟು ಬರುತ್ತದೆ ಎಂಬುದು ಕೈಗೆ ತಿಳಿಯುವುದಿಲ್ಲ. ಸ್ಟೀಲಿನ ತುಸು ಭಾರ ಕೈಗೆ ಸುದ್ದಿ ಮುಟ್ಟಿಸುತ್ತದೆ.

ಸ್ಟೀಲಿನಲ್ಲಿ 304 ಅಥವಾ 18/8 ಎಂದು ಕೊರೆದದ್ದನ್ನು ಕೇಳಿ. ನೂರರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಎಂದು ಅದರ ಅರ್ಥ. ಅಗ್ಗದ 202 ದರ್ಜೆಯಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ನಮ್ಮ ಉಪ್ಪು ಗಾಳಿಗೆ ಬೇಗ ಕಲೆ ಹಿಡಿಯುತ್ತದೆ. ಅಯಸ್ಕಾಂತ ಹಿಡಿದು ನೋಡುವ ಅಭ್ಯಾಸ ಹಲವರಿಗಿದೆ, ಅದರಿಂದ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕಿಂತ ಅಂಚಿನ ಮೇಲೆ ನಿಮ್ಮದೇ ತುಟಿಯನ್ನು ಒಮ್ಮೆ ಸವರಿ. ಚುರುಕೆಂದರೆ ಅಂಗಡಿಯಲ್ಲೇ ಬಿಡಿ.

ಬೆಳ್ಳಿ ಚಮಚವನ್ನು ಧಾರಾಳವಾಗಿ ಬಳಸಿ, ನಿಜವಾದ ಬೆಳ್ಳಿಯಾಗಿದ್ದರೆ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ, ಅದು ತಾಮ್ರ, ನಿಕಲ್, ಸತುವುಗಳ ಮಿಶ್ರಣ. ಬೆಳ್ಳಿಯ ತೊಂದರೆ ಎರಡು. ಹಿಡಿ ಸಾಮಾನ್ಯವಾಗಿ ತೆಳ್ಳಗೆ, ಕೆತ್ತನೆಯ ಸಂದಿಯಲ್ಲಿ ಅನ್ನ ಕೂರುತ್ತದೆ. ಎರಡನೆಯದನ್ನು ನಾನು ಸ್ವಂತ ಮಗಳ ತುಟಿಯ ಮೇಲೆ ಕಲಿತೆ: ಬೆಳ್ಳಿಯಷ್ಟು ಬೇಗ ಬಿಸಿಯಾಗುವ ಲೋಹ ಅಡುಗೆಮನೆಯಲ್ಲಿ ಬೇರೆ ಇಲ್ಲ. ಮಣ್ಣಿಯನ್ನು ಮೇಲಿನಿಂದ ಮುಟ್ಟಿ ಆರಿದೆ ಎಂದುಕೊಂಡು ಕೊಟ್ಟಿದ್ದೆ, ಒಳಗೆ ಸುಡುತ್ತಿತ್ತು, ಚಮಚವೂ. ಆ ಅಳುವಿನ ನಂತರ ಮೂರು ದಿನ ಅವಳು ಬೆಳ್ಳಿಯ ಹೊಳಪು ಕಂಡರೆ ಬಾಯಿ ಮುಚ್ಚುತ್ತಿದ್ದಳು. ಹಳೆಯ ಹಿತ್ತಾಳೆ ಚಮಚ ಬೇಡ. ಕಲಾಯಿ ಇಲ್ಲದ ಹಿತ್ತಾಳೆ ಮೊಸರು, ಪುನರ್ಪುಳಿ, ಟೊಮೆಟೊ ಸಾರಿನಂಥ ಹುಳಿಗೆ ಕಿಲುಬು ಬಿಡುತ್ತದೆ. ಪಿಂಗಾಣಿಯಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ಕಿನ ಮೆಲಮೈನ್ ಚಮಚವನ್ನು ಬಿಸಿ ಆಹಾರಕ್ಕೆ ಬಳಸಬೇಡಿ.

ಫೋರ್ಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಚಮಚ ಕಲಿತ ಮೇಲೆ ಫೋರ್ಕ್ ಎಂಬ ಕ್ರಮವನ್ನು ಎಲ್ಲರೂ ಹೇಳುತ್ತಾರೆ. ಆದರೆ ಯೋಚಿಸಿ: ಚುಚ್ಚಿದ ತುಂಡು ಕೈ ಹೇಗೆ ತಿರುಗಿದರೂ ಬೀಳುವುದಿಲ್ಲ. ಮಣಿಕಟ್ಟು ಇನ್ನೂ ಕಲಿಯುತ್ತಿರುವ ಮಗುವಿಗೆ ಫೋರ್ಕ್ ಎಷ್ಟೋ ಸಲ ಚಮಚಕ್ಕಿಂತ ಮೊದಲು ಗೆಲುವು ಕೊಡುತ್ತದೆ. ಚುಚ್ಚಲು ಬಲ ಸಾಲದು, ಗುರಿ ತಪ್ಪುತ್ತದೆ, ಹಾಗಾಗಿ ಮೊದಲ ವಾರಗಳಲ್ಲಿ ನೀವು ಚುಚ್ಚಿ ಬಟ್ಟಲಿನಲ್ಲಿಡಿ, ಅವನು ಎತ್ತಿ ಬಾಯಿಗಿಡಲಿ. ಈಗಲೇ ಆರಂಭಿಸಬಹುದು. ತಾನೇ ಗುರಿಯಿಟ್ಟು ಚುಚ್ಚಿ ತಿನ್ನುವುದು ಎರಡರಿಂದ ಮೂರು ವರ್ಷದ ನಡುವೆ ಹದಕ್ಕೆ ಬರುತ್ತದೆ.

ನಿಮ್ಮ ಸೆಟ್ಟಿನ ಸಿಲಿಕೋನ್ ಫೋರ್ಕ್ ಇದೆಯಲ್ಲ, ಅದು ಆಟಿಕೆ. ಬೆಂದ ಬಾಳೆಕಾಯಿಯನ್ನೂ ಚುಚ್ಚದ ಫೋರ್ಕ್ ಮಗುವಿಗೆ ಕಲಿಸುವುದು ಒಂದೇ ಪಾಠ, ಈ ವಸ್ತು ಕೆಲಸಕ್ಕೆ ಬಾರದು ಎಂದು. ಸ್ಟೀಲಿನ ಗಿಡ್ಡ ಹಲ್ಲುಗಳು, ತುದಿ ಉರುಟಾಗಿ ತೀಡಿದ್ದು, ಮೂರು ಹಲ್ಲಾದರೂ ನಾಲ್ಕಾದರೂ ಸರಿ, ಆದರೆ ಹಲ್ಲುಗಳ ನಡುವೆ ಬ್ರಷ್ ತೂರುವಷ್ಟು ಎಡೆ ಇರಲಿ. ನಿಮ್ಮ ಅಂಗೈಗೆ ಒತ್ತಿದರೆ ಗುರುತು ಬೀಳಬೇಕು, ನೋಯಬಾರದು. ಚಮಚ, ಫೋರ್ಕ್ ಎರಡನ್ನೂ ಸೇರಿಸಿ ಮಾಡಿದ ಸ್ಪೋರ್ಕ್ ಎಂಬುದು ಚಮಚವಾಗಿಯೂ ಸೋರುತ್ತದೆ, ಫೋರ್ಕ್ ಆಗಿಯೂ ಚುಚ್ಚುವುದಿಲ್ಲ.

ಚುಚ್ಚುವ ಅಭ್ಯಾಸಕ್ಕೆ ನಮ್ಮ ಅಡುಗೆ ಹೇಳಿ ಮಾಡಿಸಿದಂತಿದೆ. ಅದೇ ರಾಗಿ ಮಣ್ಣಿಯನ್ನು ತಟ್ಟೆಗೆ ಹೊಯ್ದು ಆರಿಸಿ ತುಂಡು ಮಾಡಿ. ಒಂದೇ ತಿಂಡಿ ಬಿಸಿಯಲ್ಲಿ ಚಮಚದ್ದು, ಆರಿದ ಮೇಲೆ ಫೋರ್ಕಿನದು. ಪುಂಡಿಯನ್ನು (ಅಕ್ಕಿಯ ಉಂಡೆ ಕಡುಬು) ನಾಲ್ಕು ಹೋಳು ಮಾಡಿ. ಕೊಟ್ಟೆ ಕಡುಬಿನ, ಮೂಡೆಯ ತುಂಡು, ಬೇಯಿಸಿದ ನೇಂದ್ರ ಬಾಳೆ, ಪಪ್ಪಾಯಿ, ಪನೀರ್, ಮೊಟ್ಟೆದೋಸೆಯ ಚೂರು ಎಲ್ಲ ಆಗುತ್ತದೆ. ನೀರುದೋಸೆ ಬೇಡ, ಅದನ್ನು ಫೋರ್ಕಿನಿಂದ ಚುಚ್ಚುವುದು ದೊಡ್ಡವರಿಂದಲೂ ಆಗದ ಕೆಲಸ. ಮೀನು ತಿನ್ನುವ ಮನೆಯಾದರೆ ಅಂಜಲಿನ ತುಂಡು ಚುಚ್ಚಲು ಚೆನ್ನ, ಆದರೆ ಅಂಜಲಾಗಲಿ ಬಂಗುಡೆಯಾಗಲಿ ಮುಳ್ಳನ್ನು ನಿಮ್ಮ ಬೆರಳಿನಿಂದಲೇ ಹಿಸುಕಿ ಹುಡುಕಿ ತೆಗೆಯಬೇಕು. ಕಣ್ಣು, ಫೋರ್ಕ್ ಎರಡನ್ನೂ ನಂಬಬೇಡಿ. ದ್ರಾಕ್ಷಿಯನ್ನು ಇಡಿಯಾಗಿ ಕೊಡದೆ ಉದ್ದಕ್ಕೆ ನಾಲ್ಕಾಗಿ ಸೀಳಿ. ಇಡೀ ನೆಲಗಡಲೆ, ಗೋಡಂಬಿಯನ್ನು ಈ ವಯಸ್ಸಿನಲ್ಲಿ ಕೊಡಲೇಬೇಡಿ.

ಬಾಗಿದ ಚಮಚವನ್ನು ಎತ್ತಿಡಿ. ಅದು ಮಣಿಕಟ್ಟಿನ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ಮಣಿಕಟ್ಟು ಕಲಿಯುವುದಿಲ್ಲ. ಕೈಯ ಚಲನೆಗೆ ನಿಜವಾದ ಅಡಚಣೆ ಇರುವ ಮಕ್ಕಳಿಗೆ, ಉದಾಹರಣೆಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ) ಇರುವವರಿಗೆ, ಅದನ್ನು ಅಳತೆ ನೋಡಿ ಕೊಡುತ್ತೇವೆ. ಇನ್ನೊಂದು ತೊಡಕು, ಅದು ಒಂದೇ ಕೈಗೆ ಮಾಡಿದ್ದು. ಹದಿನೈದು ತಿಂಗಳಲ್ಲಿ ಮಗು ಬಲಗೈಯವನೋ ಎಡಗೈಯವನೋ ಎಂಬುದು ತೀರ್ಮಾನವಾಗಿರುವುದಿಲ್ಲ. ಚಮಚವನ್ನು ಬಟ್ಟಲಿನ ನಡುವೆ ಇಡಿ, ಯಾವ ಕೈಗೆ ಬೇಕೋ ಎತ್ತಿಕೊಳ್ಳಲಿ. ಎಡಗೈಯಲ್ಲಿ ಉಣ್ಣಬಾರದು ಎಂದು ಮನೆಯಲ್ಲಿ ಯಾರಾದರೂ ಕೈ ಬದಲಿಸುತ್ತಿದ್ದರೆ ಸಮಾಧಾನದಿಂದ ತಡೆಯಿರಿ. ಈ ಒಂದು ವಿಷಯದಲ್ಲಿ ನಾನು ಹಿರಿಯರ ಮಾತಿಗೆ ಜಗ್ಗುವುದಿಲ್ಲ.

ಉಳಿದಂತೆ ನಿಮ್ಮ ಅತ್ತೆಯವರ ಪರವಾಗಿ ನಾನು ಅರ್ಧ ವಾದಿಸುತ್ತೇನೆ. ಕೈಯಲ್ಲಿ ಉಣ್ಣುವುದು ಚಮಚಕ್ಕಿಂತ ಕೆಳಗಿನ ಮೆಟ್ಟಿಲಲ್ಲ. ಬಾಳೆಲೆಯ ಮೇಲೆ ಓಡುವ ಸಾರನ್ನು ಅನ್ನದಲ್ಲಿ ಕಟ್ಟಿ ನಿಲ್ಲಿಸಿ, ಐದು ಬೆರಳಿನಲ್ಲಿ ಕಲಸಿ, ತುದಿಬೆರಳಿನಲ್ಲಿ ಒಟ್ಟುಮಾಡಿ, ಹೆಬ್ಬೆರಳಿನಿಂದ ಬಾಯಿಗೆ ತಳ್ಳುವುದಿದೆಯಲ್ಲ, ಚಮಚಕ್ಕಿಂತ ಅದು ಹೆಚ್ಚಿನ ಕಲೆ. ಮಕ್ಕಳಿಗೆ ಅದು ಪೂರ್ತಿ ಒಲಿಯಲು ವರ್ಷಗಳೇ ಬೇಕು. ನಿಮ್ಮ ಮಗ ಹೆಬ್ಬೆರಳು, ತೋರುಬೆರಳಿನಿಂದ ಅಗುಳು ಹೆಕ್ಕಿ ತಿನ್ನುತ್ತಿದ್ದರೆ ಅದೂ ಸ್ವಂತ ಊಟವೇ. ಆದರೆ ಅಜ್ಜಿ ತುತ್ತು ಮಾಡಿ ಬಾಯಿಗಿಡುವುದು ಬೇರೆ, ಮಗು ತನ್ನ ಕೈಯಿಂದ ಉಣ್ಣುವುದು ಬೇರೆ. ಅಂಗಳದಲ್ಲಿ ಕಾಗೆ ತೋರಿಸುತ್ತಾ, ಈಗಿನವರಾದರೆ ಮೊಬೈಲ್ ತೋರಿಸುತ್ತಾ ಉಣಿಸುವಾಗ ಬಾಯಿ ತೆರೆಯುವುದಷ್ಟೇ ಮಗುವಿನ ಪಾಲಿನ ಕೆಲಸ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಚಮಚ ಬೇಡವಾದರೆ ಬೇಡ, ಅವನ ಕೈಯಲ್ಲೇ ಉಣ್ಣಲಿ, ನಿಮ್ಮ ಕೈಯಲ್ಲಿ ಬೇಡ. ಅವರು ಚಮಚಕ್ಕೇ ಒಪ್ಪಬಹುದು.

ಎಸೆಯುವುದಕ್ಕೆ ಬರೋಣ. ಈ ವಯಸ್ಸಿನಲ್ಲಿ ಎಸೆತಕ್ಕೆ ಮೂರು ಅರ್ಥ: ಬಿದ್ದಾಗ ಏನಾಗುತ್ತದೆ ನೋಡೋಣ, ನನ್ನಿಂದ ಆಗುತ್ತಿಲ್ಲ, ಹೊಟ್ಟೆ ತುಂಬಿತು. ನಿಮ್ಮ ಮಗನದು ನೀವು ಬರೆದಂತೆ ಎರಡನೆಯದು, ಅಂಟುವ ಊಟ ಕೊಟ್ಟರೆ ತಾನಾಗಿ ಇಳಿಯುತ್ತದೆ. ಮೊದಲನೆಯದಾದರೆ ನಗಬೇಡಿ, ಗದರಬೇಡಿ, ಎರಡೂ ಅವನಿಗೆ ಬಹುಮಾನವೇ; ಎತ್ತಿ ಒರೆಸಿ ಮತ್ತೆ ಇಡಿ. ಮೂರನೆಯದಾದರೆ ಊಟ ಮುಗಿಯಿತು, ಬಟ್ಟಲು ತೆಗೆಯಿರಿ.

ಕೂರುವ ಬಗೆಯೂ ಮುಖ್ಯ. ನೆಲದ ಮೇಲೆ ಬಟ್ಟಲಿಟ್ಟರೆ ಚಮಚ ತುಂಬಾ ದೂರ ಪ್ರಯಾಣ ಮಾಡಬೇಕು. ಮಗುವನ್ನು ಮಣೆಯ ಮೇಲೆ ಕೂರಿಸಿ, ಬಟ್ಟಲನ್ನು ಅವನ ಮೊಣಕೈ ಮಟ್ಟಕ್ಕೆ ಬರುವ ಇನ್ನೊಂದು ಎತ್ತರದ ಮಣೆಯ ಮೇಲಿಡಿ. ಎತ್ತರದ ಕುರ್ಚಿಯಾದರೆ ಕಾಲು ಜೋತಾಡದಂತೆ ಕೆಳಗೆ ಆಸರೆ ಕೊಡಿ. ಕಾಲು ನೆಲೆಯಿಲ್ಲದಿದ್ದರೆ ಕೈಯೂ ನೆಟ್ಟಗಿರುವುದಿಲ್ಲ. ಬಟ್ಟಲಿಗೆ ನೆಟ್ಟನೆಯ ಅಂಚು ಇರಲಿ, ಅನ್ನವನ್ನು ಆ ಗೋಡೆಗೆ ಒತ್ತಿ ಚಮಚಕ್ಕೆ ಏರಿಸಬಹುದು. ಸ್ಟೀಲ್ ಬಟ್ಟಲು ಜಾರದಂತೆ ಕೆಳಗೆ ಹಿಂಡಿದ ಒದ್ದೆ ಬಟ್ಟೆ ಹಾಕಿ. ಹೀರುಬಟ್ಟಲು ಎಂದು ಮಾರುವ, ನೆಲಕ್ಕೆ ಕಚ್ಚಿಕೊಳ್ಳುವ ಬಟ್ಟಲುಗಳನ್ನು ಮಕ್ಕಳು ನಾಲ್ಕನೆಯ ದಿನಕ್ಕೆ ಕಿತ್ತು ತೋರಿಸುತ್ತಾರೆ.

ಚಮಚ ಎರಡಿರಲಿ, ಒಂದು ಅವನಿಗೆ, ಒಂದು ನಿಮಗೆ. ನೀವು ತುಂಬಿ ಬಟ್ಟಲಿನಲ್ಲಿಡಿ, ಅವನು ಎತ್ತಲಿ. ಅಷ್ಟರಲ್ಲಿ ಇನ್ನೊಂದನ್ನು ತುಂಬಿ. ಸಹಾಯ ಮಾಡುವುದಾದರೆ ಎದುರಿನಿಂದ ಬೇಡ, ಹಿಂದೆ ಕುಳಿತು ಮೊಣಕೈಗೆ ಮಾತ್ರ ಕೈ ಕೊಡಿ. ಊಟದ ಮೊದಲ ಐದು ಹತ್ತು ನಿಮಿಷ ಅವನದು, ದಣಿದ ಮೇಲೆ ನೀವು ಉಣಿಸಿ. ಅರ್ಧ ಗಂಟೆ ಮೀರಿಸಬೇಡಿ. ಚಮಚವಾಗಲಿ ಫೋರ್ಕ್ ಆಗಲಿ ಬಾಯಲ್ಲಿಟ್ಟು ನಡೆಯಲು, ಓಡಲು ಬಿಡಲೇಬೇಡಿ. ಬಿದ್ದರೆ ಅಂಗುಳಿಗೆ ಚುಚ್ಚುತ್ತದೆ.

ಹದಿನೆಂಟು ತಿಂಗಳಾದರೂ ಮಗು ಏನನ್ನೂ ತಾನಾಗಿ ಬಾಯಿಗೆ ಒಯ್ಯದಿದ್ದರೆ, ಈಗಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿ ಬದಿಗಿಡುತ್ತಿದ್ದರೆ, ಪ್ರತಿ ಊಟದಲ್ಲೂ ಕೆಮ್ಮಿ ಉಸಿರುಗಟ್ಟಿದಂತಾದರೆ, ಸಣ್ಣ ಗಂಟನ್ನೂ ನುಂಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳ ತಪಾಸಣೆ ಉಚಿತ, ಅಂಗನವಾಡಿಯಲ್ಲಿ ವಿಚಾರಿಸಬಹುದು.

ಪ್ಲೇಸ್ಕೂಲಿನ ಜೂನ್ ಬಗ್ಗೆ ಚಿಂತೆ ಬಿಡಿ. ಎರಡು ವರ್ಷದ ಒಳಗಿನ ಮಗು ಚೆಲ್ಲದೆ ಉಣ್ಣಬೇಕು ಎಂದು ಅವರು ಹೇಳಿದರೆ, ಅವರು ಎಂದೂ ಆ ವಯಸ್ಸಿನವರಿಗೆ ಬಡಿಸಿಲ್ಲ ಎಂದರ್ಥ. ಡಬ್ಬಿಗೆ ಗಂಜಿ ಹಾಕಬೇಡಿ, ಮಣ್ಣಿಯ ತುಂಡೋ ಪುಂಡಿಯೋ ಹಾಕಿ, ಮನೆಯಲ್ಲಿ ಬಳಸುವ ಅದೇ ಚಮಚವನ್ನು ಕಳುಹಿಸಿ, ಇನ್ನೊಂದು ಅಂಗಿಯನ್ನೂ.